ಉಜ್ಜಿ ತೊಳೆದ ಡ್ರಮ್ಮು

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಪೊರಕೆ ತನ್ನ ಸಣ್ಣ ಡ್ರಮ್ಮನ್ನು ಚೀಲದಿಂದ ತೆಗೆದು ಸ್ಟ್ಯಾಂಡಿನ ಮೇಲಿಟ್ಟು, ತಂತಿ ಬ್ರಶ್ಶನ್ನು ಅದರ ಮೇಲೆ ಒಂದು ಸುತ್ತು ಎಳೆದಳು. ಸದ್ದಿಲ್ಲ. ಇನ್ನೊಂದು ಸುತ್ತು ಎಳೆದಳು. ಎಣ್ಣೆ ಸವರಿದ ತಟ್ಟೆಯ ಮೇಲೆ ಎಳೆದ ಹಾಗೆ ಬ್ರಶ್ಶು ನುಣ್ಣಗೆ ಜಾರಿ ಅಂಚಿಗೆ ಹೋಗಿ ತಗುಲಿತು.

ಪೊರಕೆ ಎಂಬುದು ಅಡ್ಡಹೆಸರು. ಜಾಝ್ ಸಂಗೀತದಲ್ಲಿ ಡ್ರಮ್ಮನ್ನು ಕೋಲಿನಿಂದ ಬಡಿಯುವುದೂ ಉಂಟು, ಬ್ರಶ್ಶಿನಿಂದ ಉಜ್ಜುವುದೂ ಉಂಟು. ಉಕ್ಕಿನ ಸಣ್ಣ ತಂತಿಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ ಹಿಡಿ ಹಾಕಿದರೆ ಅದೇ ಬ್ರಶ್ಶು. ನೋಡುವುದಕ್ಕೆ ಮಕ್ಕಳಾಟದ ಪೊರಕೆ. ಮೂವತ್ತೈದು ವರ್ಷ ಅದೊಂದರಿಂದಲೇ ಅನ್ನ ತಿಂದವಳಿಗೆ ವಾದ್ಯದವರು ಬೇರೆ ಯಾವ ಹೆಸರಿಟ್ಟಾರು? ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ಸಂಭಾವನೆಯ ರಸೀದಿಗೂ ಹಾಗೇ ಸಹಿ ಹಾಕತೊಡಗಿದಳು.

ಡ್ರಮ್ಮಿನ ಮೇಲೆ ಬಿಗಿದ ಹಾಳೆ ಈಗೆಲ್ಲ ಪ್ಲಾಸ್ಟಿಕ್ಕಿನದೇ. ಆದರೂ ವಾದ್ಯದವರು ಅದನ್ನು ಚರ್ಮ ಎಂದೇ ಕರೆಯುತ್ತಾರೆ. ಅದಕ್ಕೆ ಸುಣ್ಣ ಬಳಿದ ಗೋಡೆಯ ಹಾಗೆ ತರಿತರಿಯಾದ ಬಿಳಿ ಲೇಪ ಇರುತ್ತದೆ. ಆ ತರಿಯನ್ನು ತಂತಿ ಕೆರೆದರೇನೇ ಸದ್ದು. ಪಕ್ಕದ ಕೋಣೆಯಲ್ಲಿ ಯಾರೋ ಮಗುವನ್ನು ಸುಮ್ಮನಿರಿಸುತ್ತಿರುವ ಹಾಗೆ, ಶ್ ಶ್ ಎಂದು. ಹನ್ನೊಂದು ವರ್ಷ ಬ್ರಶ್ಶು ತಿರುಗಿ ತಿರುಗಿ ಪೊರಕೆಯ ಚರ್ಮದ ಮೇಲೆ ಉಕ್ಕಿನ ಬೂದುಬಣ್ಣ ಎರಡು ಚಕ್ರವಾಗಿ ಕೂತಿತ್ತು. ಈಗ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಬೂದುಬಣ್ಣವೂ ಇಲ್ಲ, ಬಿಳಿಯೂ ಇಲ್ಲ. ಗಾಜಿನ ಹಾಗೆ ಆಚೆ ಬದಿ ಕಾಣುತ್ತಿತ್ತು.

“ಅತ್ತಿಗೆ!”

ಅತ್ತಿಗೆ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದಳು.

“ಏನು ಕೂಗಾಟ? ಮನೆಗೇನು ಬೆಂಕಿ ಬಿತ್ತಾ?”

“ಇದನ್ನ ಮುಟ್ಟಿದ್ದು ಯಾರು?”

“ಮುಟ್ಟೋದೇನು, ತೊಳೆದಿದ್ದೀನಿ. ನಿನ್ನೆ ಒಂದೂವರೆ ಗಂಟೆ ಕೂತು ತೊಳೆದಿದ್ದೀನಿ. ಪುಡಿ ಹಾಕಿ ಉಜ್ಜಿದ್ರೂ ಆ ಕೊಳೆ ಜಪ್ಪಯ್ಯ ಅನ್ಲಿಲ್ಲ. ಕೊನೆಗೆ ನಿಮ್ಮಣ್ಣ ಪೇಂಟಿಗೆ ಅಂತ ತಂದಿದ್ದ ಥಿನ್ನರ್ ಇತ್ತಲ್ಲ, ಅದರಲ್ಲಿ ಒರೆಸಿದೆ. ಆಗ ಬಿಡ್ತು ನೋಡು.”

“ಬೇಕಂತಲೇ ಮಾಡಿದ್ರಿ.”

“ಏನು?”

“ನಾಳೆ ನನ್ನ ಕಛೇರಿ. ಮೂವತ್ತು ವರ್ಷದಿಂದ ಇದಕ್ಕೆ ಕಾಯ್ತಾ ಇದ್ರಿ ನೀವು. ಕೊನೆಗೂ ಮಾಡಿ ಮುಗಿಸಿದ್ರಿ.”

“ಮುನ್ನೂರು ಜನರ ಮುಂದೆ ಇಡೋ ಸಾಮಾನು. ನಮ್ಮನೆಯಿಂದ ಹೊರಗೆ ಹೋಗೋದು ಕೊಳಕಾಗಿ ಹೋಗಬಾರದು ಅಂತ ತೊಳೆದ್ರೆ ಅದಕ್ಕೂ ನನ್ನನ್ನೇ ಅನ್ನು ತಾಯಿ. ಅನ್ನು. ಅಭ್ಯಾಸವಾಗಿದೆ.”

“ತಪ್ಪಾಯ್ತು ಅನ್ನಿ.”

“ಕೊಳೆ ತೆಗೆದಿದ್ದು ತಪ್ಪಾ?”

ಊಟದ ಮೇಜಿನ ಹತ್ತಿರ ಪತ್ರಿಕೆ ಓದುತ್ತಿದ್ದ ಅಣ್ಣ ಕಿವಿಯ ಯಂತ್ರವನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಬಸ್ ನಿಲ್ದಾಣದಲ್ಲಿ ಯಾವ ಗಾಡಿ ಎಷ್ಟು ಹೊತ್ತಿಗೆ ಹೊರಡಬೇಕೆಂದು ಸೀಟಿ ಊದುವ ಕೆಲಸ ಮಾಡಿ ನಿವೃತ್ತನಾದವನು. ಮನೆಯೊಳಗೆ ಯಾವ ಮಾತಿಗೂ ಸೀಟಿ ಊದಲಾರ.

ಅತ್ತಿಗೆಗೆ ಗೊತ್ತಿತ್ತೇ, ಗೊತ್ತಿರಲಿಲ್ಲವೇ? ಗೊತ್ತಿರಲಿಲ್ಲ. ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ದೊಡ್ಡಾಸ್ಪತ್ರೆಯೊಂದರಲ್ಲಿ ಕಸಮುಸುರೆಯ ವಿಭಾಗಕ್ಕೆ ಇಪ್ಪತ್ತಾರು ವರ್ಷ ಮೇಲ್ವಿಚಾರಕಿಯಾಗಿದ್ದವಳು ಅವಳು. ಕೈ ಕೆಳಗೆ ಹದಿನಾಲ್ಕು ಜನ. ಬಿಳಿಯ ವಸ್ತುವಿನ ಮೇಲೆ ಬೂದುಬಣ್ಣ ಕಂಡರೆ ಅದು ಕೊಳೆ. ಬೇರೆ ಅರ್ಥವೇ ಅವಳಿಗೆ ತಿಳಿಯದು. ಆದರೆ ಗುರುವಾರ ಮಧ್ಯಾಹ್ನ ಅದನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜುವಾಗ ಅವಳ ರಟ್ಟೆಗೆ ಎಲ್ಲಿಲ್ಲದ ಬಲ ಬಂದಿತ್ತು, ಹಾಡು ಗುನುಗಿಕೊಂಡು ಉಜ್ಜಿದ್ದಳು. ಅದೂ ನಿಜವೇ.

ಬಲ ಎಲ್ಲಿಂದ ಬಂತು ಎಂದರೆ, ಹಳೆಯ ಕತೆ. ಪೊರಕೆ ಹದಿನೇಳಕ್ಕೆ ನೃತ್ಯಶಾಲೆಯೊಂದರಲ್ಲಿ ಹೆಜ್ಜೆಗೆ ಡ್ರಮ್ಮು ಬಾರಿಸಲು ಸೇರಿ, ಇಪ್ಪತ್ತನಾಲ್ಕಕ್ಕೆ ಪ್ರವಾಸಿ ಹಡಗು ಹತ್ತಿದಳು. ಹಡಗಿನ ಊಟದ ಕೋಣೆಯಲ್ಲಿ ಸದ್ದು ಮಾಡದ ಡ್ರಮ್ಮಿನವರಿಗೇ ಬೇಡಿಕೆ. ಉಣ್ಣುವವರ ಮಾತಿಗೆ ಅಡ್ಡ ಬರಬಾರದು, ಅವರ ಕಾಲು ಮಾತ್ರ ಮೇಜಿನ ಕೆಳಗೆ ತಾನಾಗಿ ಆಡುತ್ತಿರಬೇಕು. ಅಲ್ಲೇ ಅವಳ ಕೈ ಪಳಗಿದ್ದು. ಆಮೇಲೆ ದೊಡ್ಡ ಹೋಟೆಲಿನಲ್ಲಿ ವರ್ಷಗಟ್ಟಲೆ. ಆ ವರ್ಷಗಳಲ್ಲೇ ಅವಳ ತಾಯಿ ಹಾಸಿಗೆ ಹಿಡಿದಳು, ನೋಡಿಕೊಂಡವಳು ಅತ್ತಿಗೆ. ತಾಯಿ ತೀರಿಕೊಂಡಾಗ ಮಗಳು ಬಂದದ್ದು ಮೂರು ದಿನ ಕಳೆದ ಮೇಲೆ, ಕೈಯಲ್ಲಿ ಬ್ರಶ್ಶಿನ ಚೀಲ. ಆ ದಿನ ಬಾಗಿಲಲ್ಲಿ ಅತ್ತಿಗೆ ಅಂದ ಮಾತು ಈಗಲೂ ಮನೆಯಲ್ಲಿ ಓಡಾಡುತ್ತಿದೆ: “ನೀನು ಅಲ್ಲಿ ಗುಡಿಸ್ತಿದ್ದೆ, ನಾನು ಇಲ್ಲಿ ಗುಡಿಸ್ತಿದ್ದೆ. ನಿನಗೆ ಚಪ್ಪಾಳೆ ಬಿತ್ತು.”

ಒಂಬತ್ತು ವರ್ಷದ ಹಿಂದೆ ಆ ಚಪ್ಪಾಳೆಯೂ ನಿಂತಿತು. ಹೋಟೆಲಿನ ತಂಡದಲ್ಲಿ ಪಿಯಾನೋ ನುಡಿಸುವವನನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಒಂದು ಸಂಜೆ ಅತಿಥಿಗಳೆದುರಿಗೇ ಅವನು ವಾದ್ಯ ನಿಲ್ಲಿಸಿ, “ಪೊರಕೆ ಸವೆದುಹೋಗಿದೆ, ಹೊಸದು ತರಿಸಬೇಕು,” ಎಂದ. ಜನ ನಕ್ಕರು. ಮರುದಿನ ಅವಳ ಜಾಗದಲ್ಲಿ ಗುಂಡಿ ಒತ್ತಿದರೆ ಡ್ರಮ್ಮಿನ ಸದ್ದು ಹೊರಡುವ ಯಂತ್ರ ಬಂದು ಕೂತಿತು. ಆಮೇಲೆ ಅವಳು ಅಣ್ಣನ ಮನೆಯ ಹಿಂಬದಿಯ ಕೋಣೆ ಸೇರಿದಳು. ಆಡುವ ಮನಸ್ಸಾದಾಗ ದಿಂಬಿನ ಮೇಲೆ ಆಡಿಕೊಳ್ಳುತ್ತಿದ್ದಳು.

ಈಗ ನಗರಸಭೆಯ ಸಭಾಂಗಣದವರು ಹಳೆಯ ತಂಡದ ಮೂವರನ್ನೂ ಕರೆದಿದ್ದರು: ಮಾಸ್ಟರ್, ಪೊರಕೆ, ಮತ್ತೆ ಆಳೆತ್ತರದ ಬಾಸ್ ಪಿಟೀಲು ಹಿಡಿದು ಅದಕ್ಕಿಂತ ಎತ್ತರವಾಗಿ ನಿಲ್ಲುವ, ವರ್ಷಕ್ಕೆ ಹತ್ತು ಮಾತಾಡುವ ಕಂಬ. ಶನಿವಾರ ಸಂಜೆ ಐದಕ್ಕೆ. ಪ್ರತಿ ಹಾಡಿಗೂ ಬ್ರಶ್ಶೇ. ಒಂದು ಹಾಡಿನಲ್ಲಿ ಅವಳದೇ ಒಂಟಿ ಸುತ್ತು. ಉಳಿದಿಬ್ಬರು ಕೈ ಕಟ್ಟಿ ಕೂರಬೇಕು. ಅರವತ್ತೆರಡನೆಯ ವಯಸ್ಸಿನಲ್ಲಿ ಅವಳಿಗೆ ಬೇಕಾಗಿದ್ದುದು ಅಷ್ಟೇ. ಮಾಸ್ಟರ್ ಕೈ ಕಟ್ಟಿ ಕೂರುವುದು.

ವಾದ್ಯದಂಗಡಿಗೆ ಫೋನ್ ಮಾಡಿದಳು. ಲೇಪದ ಚರ್ಮ ತರಿಸಬೇಕು, ಒಂದು ವಾರ ಆಗುತ್ತೆ, ನುಣುಪಿನದು ಬೇಕಾದರೆ ಎಷ್ಟು ಬೇಕಾದರೂ ಇದೆ ಎಂದ ಅಂಗಡಿಯವನು. ನುಣುಪಿನದು ಮನೆಯಲ್ಲೇ ತಯಾರಾಗುತ್ತೆ ಎಂದು ಫೋನಿಟ್ಟಳು.

ಅಂಗಡಿಯವನ ಬಾಯಲ್ಲಿ ಮಾತು ನಿಲ್ಲುವುದೇ? ಅರ್ಧ ಗಂಟೆಯಲ್ಲಿ ಮಾಸ್ಟರ್ ಫೋನು ಬಂತು.

“ಏನು ಪೊರಕೆ, ನಿನ್ನ ಡ್ರಮ್ಮಿಗೆ ಸ್ನಾನ ಆಯ್ತಂತೆ?”

“ನಿಮಗ್ಯಾಕೆ ಮಾಸ್ಟ್ರೇ?”

“ನನಗಲ್ಲದೆ ಇನ್ಯಾರಿಗೆ? ನೋಡು, ನಾಳೆ ಹನ್ನೆರಡು ಗಂಟೆಗೆ ಬಂದು ನುಡಿಸಿ ತೋರಿಸು. ಕೊನೇ ಸಾಲಿನ ತನಕ ಕೇಳಬೇಕು. ಕೇಳಲಿಲ್ಲ ಅಂದ್ರೆ ನನ್ನ ಕಾರಲ್ಲಿ ಯಂತ್ರ ಇದೆ. ಸಭಾಂಗಣದವರಿಗೆ ನಿನಗೆ ಹುಷಾರಿಲ್ಲ ಅಂತೀನಿ.”

“ನನಗೆ ಹುಷಾರಾಗೇ ಇದೆ.”

“ಅದನ್ನ ನಾಳೆ ಹನ್ನೆರಡಕ್ಕೆ ಹೇಳ್ತೀನಿ.”

ಪೊರಕೆ ಮೊದಲು ಪತ್ರಿಕೆಯ ಹಾಳೆ ಕತ್ತರಿಸಿ ಡ್ರಮ್ಮಿಗೆ ಅಂಟಿಸಿ ನೋಡಿದಳು. ಸದ್ದೇನೋ ಬಂತು, ನಾಲ್ಕು ನಿಮಿಷಕ್ಕೆ ಕಾಗದ ಹರಿಯಿತು. ಮುಂಗೈ ಮೇಲೆ ಶಾಯಿ ಹತ್ತಿತು. ರಟ್ಟು ಹಾಕಿ ನೋಡಿದಳು. ಮಂಕು ಸದ್ದು, ಗಂಟಲು ಕಟ್ಟಿದವರ ಹಾಗೆ. ಊಟಕ್ಕೆ ಕರೆದರೆ ಬರಲಿಲ್ಲ. ಎರಡು ಗಂಟೆಯ ಹೊತ್ತಿಗೆ ಅಣ್ಣನ ಪೇಂಟಿನ ಸಾಮಾನಿನಲ್ಲಿ ಸ್ಯಾಂಡ್ ಪೇಪರ್ ಹುಡುಕಿ ತೆಗೆದು, ಊಟದ ಮೇಜಿನ ಮೇಲೆ ಡ್ರಮ್ಮಿಟ್ಟು, ಆ ಗಾಜಿನ ಚರ್ಮವನ್ನೇ ಕೆರೆಯಲು ಕೂತಳು. ಗುಂಡಗೆ, ಗುಂಡಗೆ, ಬ್ರಶ್ಶು ತಿರುಗಿಸುವ ಹಾಗೇ ತಿರುಗಿಸಿ.

ಅತ್ತಿಗೆ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಐದು ನಿಮಿಷ ತಡೆದಳು. ಕೆಟ್ಟದಾಗಿ ಉಜ್ಜುವವರನ್ನು ನೋಡಿಕೊಂಡು ಸುಮ್ಮನಿರುವುದು ಅವಳ ಜಾಯಮಾನದಲ್ಲಿ ಇರಲಿಲ್ಲ.

“ಹಾಗಲ್ಲ ಉಜ್ಜೋದು.”

“ನೀವು ಉಜ್ಜಿದ್ದು ಸಾಕು ಅತ್ತಿಗೆ.”

“ಸದ್ದು ಬಂತಾ?”

ಪೊರಕೆ ಬ್ರಶ್ಶು ಎಳೆದಳು. ಅಲ್ಲಲ್ಲಿ ಒಂದಿಷ್ಟು ಕಿರ್ ಎಂದಿತು, ಮತ್ತೆ ಜಾರಿತು.

“ಬರಲ್ಲ. ಬರೋಲ್ಲ ಅದು,” ಎಂದಳು ಅತ್ತಿಗೆ, ಗೆದ್ದವಳ ಹಾಗೆ. “ನಮ್ಮಾಸ್ಪತ್ರೇಲಿ ಗಾಲಿ ಕುರ್ಚಿ ತಳ್ಳೋ ಇಳಿಜಾರು ಇತ್ತು. ಯಾರೋ ಬುದ್ಧಿವಂತ ಅದಕ್ಕೆ ಪಾಲಿಶ್ ಹೊಡೆಸಿದ. ವಾರಕ್ಕೆ ಇಬ್ಬರು ಜಾರಿ ಸೊಂಟ ಮುರ್ಕೊಂಡ್ರು. ತರಿ ಮಾಡಿ ಅಂದ್ರೆ ಕೆಲಸದವರು ಕಾಲು ಹೋಗೋ ದಿಕ್ಕಿಗೇ ಉಜ್ಜಿದ್ರು, ನಿನ್ನ ಹಾಗೆ. ಇನ್ನೂ ಚೆನ್ನಾಗಿ ಜಾರ್ತು. ಕಾಲು ಹೋಗೋದು ಹೀಗಾದ್ರೆ ಗೆರೆ ಹೀಗೆ ಬೀಳಬೇಕು. ಅಡ್ಡ. ಆಗ ಹಿಡಿಯುತ್ತೆ.”

“ಇದು ಆಸ್ಪತ್ರೆ ಇಳಿಜಾರಲ್ಲ.”

“ಜಾರೋದೆಲ್ಲ ಒಂದೇ.”

ಅತ್ತಿಗೆ ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಪೊರಕೆಯ ಮೈ ಉರಿಯಿತು.

“ಯಾವ ಕಡೆ ಹೋಗುತ್ತೆ ನಿನ್ನ ಕೈ?” ಎಂದಳು ಅತ್ತಿಗೆ, ಕುರ್ಚಿ ಎಳೆದುಕೊಂಡು. “ತೋರಿಸು.”

“ಮೂವತ್ತು ವರ್ಷ ನೋಡದವರು ಈಗ್ಯಾಕೆ ನೋಡ್ತೀರಿ?”

“ನೋಡೋ ಆಸೆಗಲ್ಲ ಮಹಾರಾಯ್ತಿ, ಗೆರೆ ಹಾಕೋಕೆ. ನಾಳೆ ಆ ಪಿಯಾನೋದವನು ಅವಳತ್ತಿಗೆ ಹಾಳು ಮಾಡಿದ್ಲಂತೆ ಅಂತ ಊರೆಲ್ಲ ಸಾರಿಕೊಂಡು ಬರೋದು ನನಗೆ ಬೇಡ. ನನ್ನ ಕೈ ಕೆಲಸದ ಮೇಲೆ ಇವತ್ತಿನವರೆಗೂ ಯಾರೂ ಬೆರಳು ತೋರಿಸಿಲ್ಲ.”

ಪೊರಕೆ ತೋರಿಸಿದಳು. ಬೇರೆ ದಾರಿ ಇರಲಿಲ್ಲ. ಎಡಗೈ ಡ್ರಮ್ಮಿನ ಎಡ ಅರ್ಧದಲ್ಲಿ ಬಿಡದೆ ಸುತ್ತುತ್ತದೆ, ಬ್ರಶ್ಶು ಮೇಲೇಳುವುದೇ ಇಲ್ಲ. ಬಲಗೈ ಆಚೆಯಿಂದ ಈಚೆಗೆ ದಾಟಿ ಬಂದು ತಟ್ಟಿ ಹೋಗುತ್ತದೆ. ಅತ್ತಿಗೆ ಕನ್ನಡಕ ಹಾಕಿಕೊಂಡು, ಮುಖ ಗಂಟಿಕ್ಕಿಕೊಂಡು ನೋಡಿದಳು.

“ಎಡಗೈ ನಿಲ್ಲೋದೇ ಇಲ್ವಾ?”

“ನಿಂತ್ರೆ ಹಾಡು ನಿಂತ ಹಾಗೆ.”

“ಎಷ್ಟು ಹೊತ್ತು ಹೀಗೆ?”

“ಎರಡು ಗಂಟೆ. ಹಡಗಲ್ಲಿ ನಾಲ್ಕು.”

“ಇದಕ್ಕೆ ಸಂಬಳ ಕೊಡೋರು!” ಎಂದು ಅತ್ತಿಗೆ ಮೂಗು ಮುರಿದಳು. ಆಮೇಲೆ ಸ್ಯಾಂಡ್ ಪೇಪರನ್ನು ಕಿತ್ತುಕೊಂಡು ಎರಡು ಮಡಿಕೆ ಮಾಡಿ, ಎಡ ಸುತ್ತಿನ ನಡುವಿನಿಂದ ಹೊರಕ್ಕೆ, ಚಕ್ರದ ಕಡ್ಡಿಗಳ ಹಾಗೆ, ಒಂದೊಂದೇ ಗೆರೆ ಎಳೆಯತೊಡಗಿದಳು. ಒಂದು ಗೆರೆಯ ಮೇಲೆ ಇನ್ನೊಂದು ಬೀಳಲಿಲ್ಲ.

“ಅಷ್ಟು ಒತ್ತಬೇಡಿ. ಹರಿದು ಹೋಗುತ್ತೆ.”

“ನನಗೆ ಹೇಳಿಕೊಡ್ತೀಯಾ?”

“ನನ್ನದು ಅದು.”

“ಗೊತ್ತಪ್ಪಾ. ನಿನ್ನದು ಅಂತ ಈ ಮನೇಲಿ ಇರೋದು ಅದೊಂದೇ. ಉಳಿದಿದ್ದಕ್ಕೆಲ್ಲ ಬೇರೆಯವರಿದ್ರಲ್ಲ.”

ಸಂಜೆ ಐದರ ತನಕ ಹೀಗೇ ನಡೆಯಿತು. ಅತ್ತಿಗೆ ಇಪ್ಪತ್ತು ಗೆರೆ ಎಳೆಯುವುದು, ಪೊರಕೆ ಬ್ರಶ್ಶು ಆಡಿಸಿ “ಇಲ್ಲಿ ಜಾರುತ್ತೆ” ಎನ್ನುವುದು, ಅತ್ತಿಗೆ “ನಿನ್ನ ಕೈಯೇ ಸರಿಯಿಲ್ಲ” ಎಂದು ಮತ್ತೆ ಇಪ್ಪತ್ತು ಎಳೆಯುವುದು. ಅಣ್ಣ ಒಮ್ಮೆ ಬಂದು, ಇಬ್ಬರೂ ಒಂದೇ ಮೇಜಿಗೆ ಬಗ್ಗಿ ಕೂತಿರುವುದನ್ನು ಕಂಡು, ಏನೋ ಅನಾಹುತವೇ ಆಗಿದೆ ಎಂದು ಭಾವಿಸಿ ಕಿವಿಯ ಯಂತ್ರ ಹಾಕಿಕೊಂಡ. ಹಾಕಿಕೊಂಡ ಮೇಲೆ ಕೇಳಿದ ಮೊದಲ ಮಾತು, “ಬಿಡಿ ಇತ್ಲಾಗೆ, ನಿಮ್ಮಂಥ ಹಟಮಾರಿನ ನಾನೆಲ್ಲೂ ಕಂಡಿಲ್ಲ.” ನೆಮ್ಮದಿಯಿಂದ ಮತ್ತೆ ತೆಗೆದ.

ಕೊನೆಗೆ ಸದ್ದು ಬಂತು. ಹಳೆಯ ಶ್ ಶ್ ಅಲ್ಲ. ಒರಟು. ಜಲ್ಲಿಯ ಮೇಲೆ ಯಾರೋ ಚಪ್ಪಲಿ ಎಳೆದುಕೊಂಡು ನಡೆದ ಹಾಗೆ.

“ಬಂತಲ್ಲ,” ಎಂದಳು ಅತ್ತಿಗೆ.

“ನನ್ನ ಸದ್ದಲ್ಲ ಇದು.”

“ನಿನ್ನ ಸದ್ದು ಥಿನ್ನರಲ್ಲಿ ಹೋಯ್ತು. ಇರೋದನ್ನ ಬಳಸು.”

ಶನಿವಾರ ಹನ್ನೆರಡಕ್ಕೆ ಸಭಾಂಗಣದಲ್ಲಿ ಕುರ್ಚಿಗಳೆಲ್ಲ ಖಾಲಿ. ಮಾಸ್ಟರ್ ಪಿಯಾನೋ ಮುಂದೆ ಕೂತಿದ್ದ. ಪಕ್ಕದಲ್ಲಿ ಯಂತ್ರವನ್ನು ಆಗಲೇ ಮೇಜಿನ ಮೇಲೆ ಇಡಿಸಿ ವೈರು ಜೋಡಿಸಿದ್ದ. ಕಂಬ ಬಾಸಿಗೆ ಒರಗಿ ನಿಂತಿದ್ದ. ಪೊರಕೆ ಯಾರಿಗೂ ನಮಸ್ಕಾರ ಹೇಳದೆ ಡ್ರಮ್ಮು ಜೋಡಿಸಿದಳು.

ಮಾಸ್ಟರ್ ಹಾಡು ಶುರು ಮಾಡಿದ. ಬೇಕೆಂದೇ ಎಲ್ಲಕ್ಕಿಂತ ನಿಧಾನದ್ದನ್ನು ತೆಗೆದುಕೊಂಡ, ಅದನ್ನೂ ಇನ್ನಷ್ಟು ನಿಧಾನ ಮಾಡಿದ. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಒಂದು ಲೋಟ ನೀರು ಕುಡಿದು ಬರಬಹುದು. ಅಷ್ಟು ಉದ್ದದ ಖಾಲಿಯನ್ನು ಬ್ರಶ್ಶಿನ ಉಜ್ಜುವಿಕೆಯೊಂದೇ ತುಂಬಬೇಕು. ಎಲ್ಲಿ ಜಾರಿದರೂ ಅಲ್ಲಿ ತೂತು. ಪೊರಕೆ ಹಲ್ಲು ಕಚ್ಚಿಕೊಂಡು ಎಡಗೈ ಸುತ್ತಿದಳು. ಜಾರಲಿಲ್ಲ. ಗೆರೆ ಗೆರೆಗೂ ತಂತಿ ಸಿಕ್ಕಿ, ಬಿಟ್ಟು, ಸಿಕ್ಕಿ, ಆ ಒರಟು ಸದ್ದು ಖಾಲಿ ಕುರ್ಚಿಗಳ ಮೇಲೆ ಹಾದು ಕೊನೆಯ ಗೋಡೆಗೆ ತಗುಲಿ ಬಂತು.

ಮಾಸ್ಟರ್ ಅರ್ಧಕ್ಕೇ ನಿಲ್ಲಿಸಿದ.

“ಏನಿದು? ಬ್ರಶ್ಶಾ, ಗರಗಸಾನಾ?”

“ಕೊನೇ ಸಾಲಿನ ತನಕ ಕೇಳಬೇಕು ಅಂದ್ರಲ್ಲ. ಕೇಳ್ತಾ?”

“ಸುಂದರವಾಗಿ ಕೇಳಬೇಕು.”

“ಅದು ನೀವು ಹೇಳಿರಲಿಲ್ಲ.”

“ನನ್ನ ಪಿಯಾನೋ ಮುಚ್ಚಿಹೋಗುತ್ತೆ ಇದರಲ್ಲಿ.”

“ಗಟ್ಟಿಯಾಗಿ ನುಡಿಸಿ. ಬೆರಳು ಸವೆದುಹೋಗಿದ್ರೆ ಹೊಸದು ತರಿಸಿ.”

ಕಂಬ ಕೆಮ್ಮಿದ. ನಗುವನ್ನು ಕೆಮ್ಮು ಮಾಡಿಕೊಂಡದ್ದು ಇಬ್ಬರಿಗೂ ತಿಳಿಯಿತು. ಮಾಸ್ಟರ್ ಕೆಂಪಾದ.

“ಕಂಬ, ನಿನಗೇನನ್ಸುತ್ತೆ?”

“ಲಯ ಸರಿ ಇದೆ,” ಎಂದ ಕಂಬ. ಆ ವರ್ಷದ ಮಾತಿನಲ್ಲಿ ಮೂರು ಖರ್ಚಾದವು.

ಡ್ರಮ್ಮಿನವಳ ಲಯ ಸರಿ ಇದೆ ಎಂದು ಬಾಸಿನವನು ಹೇಳಿದ ಮೇಲೆ ಅವಳನ್ನು ಇಳಿಸುವುದಕ್ಕೆ ನೆಪ ಸಿಗದು. ಮಾಸ್ಟರ್ ಅದನ್ನು ಬಲ್ಲ. ಆದ್ದರಿಂದ ಬೇರೆ ಕಡೆ ಕತ್ತರಿ ಹಾಕಿದ.

“ಸರಿ, ಕೂತ್ಕೋ. ಒಂಟಿ ಸುತ್ತು ಮಾತ್ರ ಬೇಡ. ಈ ಕೆರೆತವನ್ನ ಒಂಟಿಯಾಗಿ ಕೇಳೋ ಕರ್ಮ ಜನಕ್ಕೆ ಬೇಡ. ಆ ಸುತ್ತು ಕಂಬ ತಗೋತಾನೆ.”

“ಅದು ನನ್ನ ಸುತ್ತು.”

“ಆಗಿತ್ತು. ಒಪ್ಪಿಗೆ ಇಲ್ಲದಿದ್ರೆ ಹೇಳು, ಯಂತ್ರದ ವೈರು ಸಿದ್ಧವಾಗಿದೆ.”

ಪೊರಕೆ ಬ್ರಶ್ಶುಗಳನ್ನು ಒರೆಸಿ ಚೀಲಕ್ಕೆ ಹಾಕಿದಳು.

ಐದು ಗಂಟೆಗೆ ಸಭಾಂಗಣ ತುಂಬಿತ್ತು. ಮೂರನೆಯ ಸಾಲಿನಲ್ಲಿ ಅಣ್ಣನ ಪಕ್ಕ ಅತ್ತಿಗೆ ಕೂತಿದ್ದಳು, ಕೈಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು, ಆಸ್ಪತ್ರೆಯ ತಪಾಸಣೆಗೆ ಬಂದವಳ ಮುಖದಲ್ಲಿ. ಮೊದಲ ಐದು ಹಾಡು ನಡೆದವು. ಮಾಸ್ಟರ್ ಗಟ್ಟಿಯಾಗಿಯೇ ನುಡಿಸಿದ, ಸಿಟ್ಟಿನಿಂದ. ಸಿಟ್ಟಿನಲ್ಲಿ ಅವನ ಬೆರಳು ಹಿಂದೆಂದಿಗಿಂತ ಚುರುಕಾಗಿತ್ತು. ಪೊರಕೆಯ ಸದ್ದು ಅವನ ಹಿಂದೆ ಹಿಂದೆಯೇ, ಕಿರಿಕಿರಿಯಾಗಿ, ಬೆನ್ನು ಬಿಡದೆ ಹೋಯಿತು. ಒಬ್ಬರಿಗೊಬ್ಬರು ಮುಖ ಕೊಡಲಿಲ್ಲ. ಜನ ಮಾತ್ರ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದರು.

“ಏನು ಹೇಗಿದೆ?” ಎಂದ ಅಣ್ಣ, ಹೆಂಡತಿಯ ಕಿವಿಯಲ್ಲಿ.

“ಎಡಗಡೆ ಇನ್ನೂ ನಾಲ್ಕು ಗೆರೆ ಬೇಕಿತ್ತು. ಸುಮ್ನಿರಿ.”

ಆರನೆಯದು ಆ ಹಾಡು. ಮಾಸ್ಟರ್ ತನ್ನ ಸುತ್ತು ಮುಗಿಸಿ, ಕೈಯೆತ್ತಿ, ಕಂಬನ ಕಡೆಗೆ ತಲೆ ಆಡಿಸಿದ. ಕಂಬನ ಬೆರಳು ತಂತಿಗೆ ಹೋಯಿತು. ಪೊರಕೆ ಅವನನ್ನು ನೋಡಿದಳು. ತಲೆಯನ್ನು ಒಂದೇ ಒಂದು ಸಲ, ಬೇಡ ಎಂದು, ಅಲ್ಲಾಡಿಸಿದಳು. ಇಪ್ಪತ್ತೆರಡು ವರ್ಷ ಅವಳ ಲಯಕ್ಕೆ ಹೆಜ್ಜೆ ಹಾಕಿದ ಬೆರಳು ತಂತಿಯ ಮೇಲೆ ಸುಮ್ಮನೆ ಮಲಗಿತು.

ಸಭಾಂಗಣದಲ್ಲಿ ಈಗ ಬ್ರಶ್ಶಿನದೊಂದೇ ಸದ್ದು. ಹಿಂದಿನ ಸಾಲಿನಲ್ಲಿ ಯಾರೋ “ಶ್” ಎಂದರು. ಇನ್ಯಾರೋ ಬೇಸರದಿಂದ ಕುರ್ಚಿ ಸರಿಸಿದರು. ಪೊರಕೆ ಅವರನ್ನು ಮೆಚ್ಚಿಸಲು ಹೋಗಲಿಲ್ಲ. ಒರಟನ್ನು ಒರಟಾಗಿಯೇ ಹಿಡಿದು, ಎಡಗೈಯಲ್ಲಿ ಗೆರೆಗಳನ್ನು ಎಣಿಸುವ ಹಾಗೆ ಸುತ್ತಿದಳು, ಬಲಗೈಯಲ್ಲಿ ಬಾಗಿಲು ತಟ್ಟುವ ಹಾಗೆ ತಟ್ಟಿದಳು. ಹಡಗಿನ ಊಟದ ಕೋಣೆಯಲ್ಲಿ ಒಬ್ಬರೂ ತಲೆ ಎತ್ತಿ ನೋಡದ ಕೈ ಅದು. ಈಗ ಮುನ್ನೂರು ತಲೆ ಎತ್ತಿದ್ದವು, ಕೆಲವು ಹುಬ್ಬು ಗಂಟಿಕ್ಕಿಕೊಂಡು.

ಒಂದು ಸುತ್ತೆಂದರೆ ಮೂವತ್ತೆರಡು ಎಣಿಕೆ. ಮುಗಿಯುವ ಹೊತ್ತಿಗೆ ಮಾಸ್ಟರ್ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಗಳನ್ನು ಪಿಯಾನೋ ಮೇಲೆ ತಂದು ಇಳಿಸಲು ಸಿದ್ಧನಾದ. ಡ್ರಮ್ಮಿನವಳು ಕೊನೆಯ ಎರಡು ಪೆಟ್ಟು ಕೊಟ್ಟು ಬಾಗಿಲು ತೆಗೆಯದೆ ಅವನು ಒಳಗೆ ಬರುವಂತಿಲ್ಲ. ಬಂದರೆ ತಪ್ಪಿದವನು ಅವನೇ, ಕೇಳುವವರೆಲ್ಲರಿಗೂ ಗೊತ್ತಾಗುತ್ತದೆ.

ಪೊರಕೆ ಎರಡು ಪೆಟ್ಟು ಕೊಡಲಿಲ್ಲ. ಎಡಗೈ ನಿಲ್ಲಿಸದೆ ಎರಡನೆಯ ಸುತ್ತಿಗೆ ಹೊರಳಿದಳು. ಮಾಸ್ಟರ್ ಕೈಗಳು ಗಾಳಿಯಲ್ಲೇ ನಿಂತವು. ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದ. ಆಮೇಲೆ ಜನ ನೋಡುತ್ತಿದ್ದಾರೆಂದು ನೆನಪಾಗಿ, ನಿಧಾನವಾಗಿ ಇಳಿಸಿ, ಒಂದರ ಮೇಲೊಂದು ಎದೆಗೆ ಕಟ್ಟಿಕೊಂಡ. ಅವಳು ಅವನನ್ನು ನೋಡುತ್ತಲೇ, ಎರಡನೆಯ ಸುತ್ತು ಮುಗಿಸಿ ಮೂರನೆಯದನ್ನು ಶುರು ಮಾಡಿದಳು.